ಟೋಕಿಯೋ ಪ್ರಯಾಣದ ಅಧಿಕೃತ ಅವಧಿ

ರಾಯಚೂರಿನ ಪ್ರಯಾಣಾವಧಿ ನಿರ್ಣಯ ಶಾಖೆಯ ನಿಯಮದ ಪ್ರಕಾರ, ಸರ್ಕಾರಿ ನೌಕರರು ಭೂಮಿಯ ಯಾವ ಮೂಲೆಗೆ ಹೋದರೂ ಜಿಲ್ಲೆಯೊಳಗೆ ಪರೀಕ್ಷಿಸಿ ದೃಢಪಟ್ಟ ವೇಗದಲ್ಲಿಯೇ ಹೋಗತಕ್ಕದ್ದು.

ಮಾನ್ವಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಉಮಾದೇವಿಗೆ ಈ ನಿಯಮ ಗೊತ್ತಿರಲಿಲ್ಲ. ಟೋಕಿಯೋದ ಶಿಕ್ಷಕರ ಸಮ್ಮೇಳನದಲ್ಲಿ ಮಾತಾಡಲು ಕರೆ ಬಂದಿತ್ತು. ಒಂದು ವಾರದ ರಜೆ ಕೇಳಲು ಶಾಖಾಧಿಕಾರಿ ವೇದವ್ಯಾಸಾಚಾರ್ಯರ ಮುಂದೆ ಹೋಗಿ ನಿಂತಳು.

"ಹೈದರಾಬಾದಿನಿಂದ ಆರು ಸಾವಿರ ಕಿಲೋಮೀಟರ್ ಮ್ಯಾಲ ಅದ. ಆದ್ರೂ ವಿಮಾನ ಅರ್ಧ ದಿನದಾಗ ಮುಟ್ಟಸ್ತದ ಸರ್."

"ಅದು ವಿಮಾನದವರ ಅಭಿಪ್ರಾಯ," ಎಂದರು ಆಚಾರ್ಯರು. "ನಮ್ಮಲ್ಲಿ ದೃಢಪಟ್ಟ ವೇಗ ಒಂದೇ ಅದರೀ."

ಆ ವೇಗವನ್ನು ಹೋದ ವರ್ಷ ಒಂದು ಸಮಿತಿ ರಾಯಚೂರಿನಿಂದ ದೇವದುರ್ಗಕ್ಕೆ ಜೀಪಿನಲ್ಲಿ ಹೋಗಿ ಅಳೆದಿತ್ತು. ದಾರಿಯಲ್ಲಿ ಟೈರು ಪಂಕ್ಚರಾಗಿತ್ತು, ಕುರಿ ಹಿಂಡು ಅಡ್ಡ ಬಂದಿತ್ತು, ಸದಸ್ಯರೊಬ್ಬರ ಬೀಗರ ಮನೆಯಲ್ಲಿ ಊಟವಾಗಿ ಒಂದು ನಿದ್ದೆಯೂ ಆಗಿತ್ತು. ಎಲ್ಲ ಸೇರಿಸಿ ತೆಗೆದ ಸರಾಸರಿಯಂತೆ ಟೋಕಿಯೋಕ್ಕೆ ಹೋಗಲು ಇಪ್ಪತ್ತೈದು ದಿನ, ಬರಲು ಇಪ್ಪತ್ತೈದು ದಿನ.

"ಸಮ್ಮೇಳನ ಈ ಸೋಮವಾರನೇ ಅದ ಸರ್. ಹತ್ತನೇ ಕ್ಲಾಸಿನ ಪಾಠ ಬ್ಯಾರೆ ಬಾಕಿ ಅದಾವ."

"ನಿಧಾನಕ ಹೋಗಿ ಬರ್ರಿ," ಎಂದು ಆಚಾರ್ಯರು ಐವತ್ತು ದಿನದ ರಜೆ ಬರೆದುಕೊಟ್ಟರು.

ಉಮಾದೇವಿ ಹೋದಳು, ಮಾತಾಡಿದಳು, ಚಪ್ಪಾಳೆ ಬಿತ್ತು. ವಾರದೊಳಗೆ ತಿರುಗಿ ಬಂದು, ಸಮ್ಮೇಳನದ ಫೋಟೋ ಸಮೇತ ಆಚಾರ್ಯರ ಮುಂದೆ ಹಾಜರಾದಳು.

"ಫೋಟೋ ಛಲೋ ಬಂದದ," ಎಂದರು ಅವರು. "ಆದ್ರ ಆವತ್ತು ನೀವು ಬಂಗಾಳ ಕೊಲ್ಲಿ ಮ್ಯಾಲ ಇದ್ರಿ. ಈಗ ಬರ್ಮಾದ ಹತ್ರ ಅದೀರಿ."

"ನಿಮ್ಮ ಮುಂದೇ ನಿಂತೀನಲ್ರೀ."

"ಅದು ನಿಮ್ಮ ವೈಯಕ್ತಿಕ ವಿಷಯ." ಆಚಾರ್ಯರು ಕೂಡಲು ಕುರ್ಚಿ ತೋರಿಸಿದರು. "ಆಕಾಶದಾಗ ಇರೋರು ಶಾಲಿ ನೆಲದ ಮ್ಯಾಲ ಪಾಠ ಮಾಡಿದ್ರ ಇಬ್ಬರ ನೌಕರಿಗೂ ತ್ರಾಸು."

ಮಾನ್ವಿಯ ಬಸ್ಸಿನಲ್ಲಿ ಅರ್ಧ ದಾರಿ ದಾಟುವವರೆಗೆ ಅವಳಿಗೆ ಸಿಟ್ಟಿತ್ತು. ಆಮೇಲೆ ಬಾಕಿ ಪಾಠಗಳನ್ನು ಎಣಿಸತೊಡಗಿದಳು. ಪರೀಕ್ಷೆ ಹತ್ತಿರ ಬಂದಿತ್ತು. ಬೆಳಕಿನ ಪಾಠ ಹೇಳುವವರು ಆ ಶಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮುಖ್ಯೋಪಾಧ್ಯಾಯ ಮುಷರ್ರಫ್ ಎಲ್ಲ ಕೇಳಿ, ಚಹಾ ಮುಗಿಸಿ ಹೇಳಿದರು: "ನೆಲ ಬ್ಯಾಡ ಅಂದಾರ. ಮಾಳಿಗಿ ಬ್ಯಾಡ ಅಂದಿಲ್ಲ."

ಮರುದಿನ ಕರಿಹಲಗೆ ಮಾಳಿಗೆ ಏರಿತು. ಮಕ್ಕಳು ಬೆಳಕಿನ ಪಾಠವನ್ನು ಧಾರಾಳ ಬೆಳಕಿನಲ್ಲಿ ಕಲಿತರು.

ಕೆಲವು ದಿನಕ್ಕೆ ಆಚಾರ್ಯರೇ ತಪಾಸಣೆಗೆ ಬಂದು, ಏದುಸಿರು ಬಿಡುತ್ತ ಮೇಲೆ ಹತ್ತಿದರು. ಉಮಾದೇವಿಯ ಕೈಯೊಳಗಿನ ಸೀಮೆಸುಣ್ಣ ಮುರಿಯಿತು. ಅವರು ಸೂರ್ಯನನ್ನು ನೋಡಿ ದಿಕ್ಕು ಗುರುತಿಸಿಕೊಂಡು ಗಂಭೀರವಾಗಿ ಆಕ್ಷೇಪಿಸಿದರು: "ಇಷ್ಟೊತ್ತಿಗೆ ನೀವು ಇನ್ನಾ ಪೂರ್ವಕ್ಕ ಇರಬೇಕಿತ್ತು."

ಹಲಗೆಯನ್ನು ಪೂರ್ವದ ಗೋಡೆಗೆ ಸರಿಸಲಾಯಿತು. ವಾಪಸು ಪ್ರಯಾಣದ ಅವಧಿ ಶುರುವಾದ ಮೇಲೆ ಅದು ದಿನಾ ಬೆಳಿಗ್ಗೆ ಒಂದೊಂದು ಹೆಜ್ಜೆ ಪಶ್ಚಿಮಕ್ಕೆ ಸರಿಯಿತು. ಮಕ್ಕಳು ಯಾರೂ ಹೇಳದೆಯೇ ಚೀಲ ಎತ್ತಿಕೊಂಡು ಹಿಂದೆ ಸರಿದರು. ಓಣಿಯ ದಾವಲ್ ಬೀ ಕೆಳಗಿನಿಂದ ಕತ್ತೆತ್ತಿ, "ಟೀಚರಮ್ಮಾ, ಯಾವ ದೇಶ ಬಂತು?" ಎಂದು ವಿಚಾರಿಸುತ್ತಿದ್ದಳು. ಉಮಾದೇವಿ ಮೊದಮೊದಲು ನಗುತ್ತಿದ್ದಳು. ಆಮೇಲೆ ದೇಶದ ಹೆಸರು ಹೇಳತೊಡಗಿದಳು.

ಪಾಠಗಳೆಲ್ಲ ಮುಗಿದು, ಹಲಗೆ ಪಶ್ಚಿಮದ ಮೆಟ್ಟಿಲಿಗೆ ಮುಟ್ಟಿದ ದಿನ ಅವಳು ಕೆಳಗಿಳಿದಳು. ಮುಷರ್ರಫ್ ಹಾರ ಹಿಡಿದು ನಿಂತಿದ್ದರು.

"ಪ್ರಯಾಣ ಹೆಂಗಾತ್ರೀ ಮೇಡಂ?"

"ಆರಾಮಾತು ಸರ್," ಎಂದಳು. ನಿಜಕ್ಕೂ ಅವಳಿಗೆ ಬಹಳ ದೂರದಿಂದ ಬಂದಷ್ಟು ದಣಿವಾಗಿತ್ತು.