ಈ ತಿಂಗಳು ಲಿನಕ್ಸ್, ಬರೋ ತಿಂಗಳು ಗೊತ್ತಿಲ್ಲ

ಇಂಥವೆಲ್ಲ ನನಗೇ ಯಾಕೆ ಗಂಟುಬೀಳುತ್ತವೋ ಆ ರಂಗನಾಥನಿಗೇ ಗೊತ್ತು. ಮಾಗಡಿ ಬಸ್ ಸ್ಟ್ಯಾಂಡ್ ಹಿಂದೆ, ಗೊಬ್ಬರದಂಗಡಿಯ ಮೇಲೆ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್‌ರೈಟರನ್ನು ಕೇಳುವವರಿಲ್ಲದಾದಾಗ ಅಲ್ಲೇ ಕಂಪ್ಯೂಟರ್ ಮಾರಲು ಕೂತೆ. ಜನ ಮಾತ್ರ ‘ಮೇಷ್ಟ್ರೇ’ ಅನ್ನುವುದನ್ನು ಬಿಡಲಿಲ್ಲ.

ನಾನು ಏಜೆನ್ಸಿ ಹಿಡಿದಿದ್ದ ಕಂಪನಿ, ಎಲ್ಲರೂ ಬಳಸುವ ವಿಂಡೋಸ್ ಬದಲು ಲಿನಕ್ಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಕಂಪ್ಯೂಟರನ್ನು ಅಗ್ಗಕ್ಕೆ ಕೊಡುತ್ತಿತ್ತು. ಕೊಡುತ್ತಿತ್ತು ಅಂದರೆ, ಒಂದು ತಿಂಗಳು ಕೊಡುತ್ತಿತ್ತು, ಇನ್ನೊಂದು ತಿಂಗಳು ‘ನಿಲ್ಲಿಸಿದ್ದೇವೆ’ ಅನ್ನುತ್ತಿತ್ತು, ಆಮೇಲೆ ಪುನಃ ಶುರು. ಬೈಸಿಕೊಳ್ಳುವುದಕ್ಕೆ ನಾನಿದ್ದೆನಲ್ಲ.

೧. ಹಕ್ಕಿ

ತಿಪ್ಪಸಂದ್ರದ ಕಡೆಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಅಗ್ಗ ಅಂತ ಲಿನಕ್ಸಿನದನ್ನೇ ಒಯ್ದರು. ಆನ್ ಮಾಡಿದರೆ ಅದರ ಗುರುತಾದ ಪೆಂಗ್ವಿನ್ ಹಕ್ಕಿ ಪರದೆಯ ಮೇಲೆ ಬಂದು ಕೂರುತ್ತಿತ್ತು. ಒಳ್ಳೆ ಶಕುನ ಅಂತ ಅವರ ತಾಯಿ ದಿನಾ ಕುಂಕುಮ ಇಡುತ್ತಿದ್ದರಂತೆ.

ಸ್ವಲ್ಪ ದಿನಕ್ಕೆ ಕಂಪ್ಯೂಟರ್ ಕೆಟ್ಟಿತು. ಗ್ಯಾರಂಟಿ ಇತ್ತಲ್ಲ, ಕಂಪನಿಗೆ ಕಳಿಸಿದೆ. ಅಷ್ಟರಲ್ಲಿ ಕಂಪನಿಯವರ ಮನಸ್ಸು ಬದಲಾಗಿತ್ತು. ರಿಪೇರಿ ಮಾಡಿ, ಲಿನಕ್ಸ್ ತೆಗೆದು, ವಿಂಡೋಸ್ ಹಾಕಿ ಕೊಟ್ಟರು. ಮಾರನೇ ದಿನವೇ ವ್ಯಾಪಾರಿ ಹಾಜರ್.

“ಮೇಷ್ಟ್ರೇ, ನಮ್ ಹಕ್ಕಿ ಎಲ್ಲಿ?”

“ಅಣ್ಣಾ, ಅದಕ್ಕಿಂತ ದುಬಾರಿದು ಪುಕ್ಕಟೆ ಬಂದಿದೆ. ನೋಡಿ, ಕಿಟಕಿ ಗುರುತು.”

“ಕಿಟಕಿ ತಗ್ದಿಟ್ರೆ ಹಕ್ಕಿ ಒಳ್ಗೇ ಕೂತಿದ್ದಾತಾ? ಹಾರೋಯ್ತದೆ! ನಮ್ಮವ್ವ ಬೆಳಗ್ಗಿಂದ ಒಸಿ ಕಾಪೀನೂ ಕುಡ್ದಿಲ್ಲ. ಮೊದ್ಲು ಕಿಟಕಿ ಮುಚ್ಚಿ, ಹಕ್ಕಿ ಹಿಡ್ಕೊಡಿ!”

೨. ಲಗ್ನಪತ್ರಿಕೆ

ಪಕ್ಕದ ಬೀದಿಯಲ್ಲಿ ಪ್ರೆಸ್ ನಡೆಸುತ್ತಿದ್ದ ಅಕ್ಕನಿಗೂ ಲಿನಕ್ಸಿನದನ್ನೇ ಕೊಟ್ಟಿದ್ದೆ. ಅದರಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸಿಡಿಯುತ್ತಿತ್ತು. ಒಂದು ಲಗ್ನಪತ್ರಿಕೆಯಲ್ಲಿ ಹುಡುಗಿಯ ಹೆಸರು ‘ಲಕ್‌ಷ್‌ಮಮ್‌ಮ’ ಅಂತ ಬಂತು. ಹುಡುಗಿಯ ಅಪ್ಪ ಕೂಗಾಡಿದರು: “ಮಗಳ್ನ ಧಾರೆ ಎರ್ದು ಕೊಡ್ತಾ ಇವ್ನಿ ಕಣಮ್ಮ, ತುಂಡು ಮಾಡಿ ಅಲ್ಲ!”

ಅಕ್ಕ ನನ್ನನ್ನು ಕರೆಸಿದರು. ಕಂಪನಿಗೆ ಫೋನ್ ಹಚ್ಚಿದೆ.

“ಮೊದಲು ಸ್ಟಾರ್ಟ್ ಬಟನ್ ಒತ್ತಿ ಸರ್,” ಅಂದಳು ಆ ಕಡೆಯ ಹುಡುಗಿ.

“ಇದರಲ್ಲಿ ಅದಿಲ್ಲಮ್ಮ, ಇದು ಲಿನಕ್ಸ್.”

“ನಮ್ಮ ಕಂಪನಿ ಲಿನಕ್ಸ್ ಮಾರೋದೇ ಇಲ್ಲ ಸರ್.”

“ಪೆಟ್ಟಿಗೆ ಮೇಲೆ ನಿಮ್ಮದೇ ಹೆಸರಿದೆಯಲ್ಲ!”

ಯಾರನ್ನೋ ಕೇಳಿಕೊಂಡು ಬಂದಳು. “ಹೌದು ಸರ್, ಮಾರ್ತೀವಿ. ಆದ್ರೆ ಕೆಟ್ರೆ ನಮ್ಮನ್ನ ಕೇಳೋ ಹಾಗಿಲ್ಲ.”

ನಾನು ಇದನ್ನು ಒಪ್ಪಿಸಿದ್ದೇ ತಡ, ಅಕ್ಕ ಬೆಂಚಿನ ಕೆಳಗಿಂದ ಹಳೇ ಅಚ್ಚಿನ ಮೊಳೆಗಳನ್ನು ಎಳೆದು, ಧೂಳು ಕೊಡವಿ, ಕೈಯಲ್ಲೇ ಜೋಡಿಸಲು ಕೂತರು. ಅಲ್ಲೇ ಕೂತಿದ್ದ ಮದುವೆ ಹುಡುಗಿಯ ಅಪ್ಪನಿಗೆ ಸಿಟ್ಟೆಲ್ಲ ಇಳಿದು ನಗು ಬಂತು. “ಕಂಪ್ನಿಯೋರು ಹೆಣ್ಣು ಕೊಟ್ಟಿದ್ದು ದಿಟ, ಆದ್ರೆ ನಂಟಸ್ತನ ಇಲ್ಲ ಅಂತಾವ್ರೆ ಬುಡಿ!”

೩. ಭಾಷಣ

ಮತ್ತೆ ಕಂಪನಿಗೆ ಲಿನಕ್ಸ್ ಮೇಲೆ ಪ್ರೀತಿ ಉಕ್ಕಿತು. ಬೆಂಗಳೂರಿಂದ ಅಧಿಕಾರಿಯೊಬ್ಬರು ಬಂದು, “ಧೈರ್ಯವಾಗಿ ತರಿಸಿ, ನಾನೇ ಬಂದು ಭಾಷಣ ಮಾಡ್ತೀನಿ” ಅಂದರು. ಇದ್ದಬದ್ದ ದುಡ್ಡೆಲ್ಲ ಹಾಕಿ ಲಿನಕ್ಸ್ ಕಂಪ್ಯೂಟರ್ ತರಿಸಿ, ಛತ್ರದ ವೇದಿಕೆ ಮೇಲೆ ಪೆಟ್ಟಿಗೆಗಳನ್ನು ಪೇರಿಸಿಟ್ಟೆ. ಮೇಷ್ಟ್ರುಗಳು, ಮಿಲ್ಲಿನವರು, ಸೊಸೈಟಿಯವರು ಬಂದಿದ್ದರು.

ಅಧಿಕಾರಿ ಗುಡುಗಿದರು: “ಸಾವನದುರ್ಗದ ಬಂಡೆ ಅಲುಗಾಡಬಹುದು, ಲಿನಕ್ಸ್ ಮೇಲಿನ ನಮ್ಮ ನಂಬಿಕೆ ಅಲುಗಾಡದು!”

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಅವರ ಮೊಬೈಲ್ ಬಡಿದುಕೊಂಡಿತು. ಗೋಡೆ ಕಡೆ ತಿರುಗಿ “ಯೆಸ್ ಸರ್, ಯೆಸ್ ಸರ್” ಅಂದರು. ಮುಖ ಒರೆಸಿಕೊಂಡು ಮೈಕಿಗೆ ಬಂದರು.

“ಆದ್ದರಿಂದ ಬಂಧುಗಳೇ, ಎಲ್ಲ ಯೋಚನೆ ಮಾಡಿ ನೋಡಿದರೆ, ವಿಂಡೋಸೇ ವಾಸಿ.”

ನಾನು ಎದ್ದು ಓಡಿದೆ. ವೇದಿಕೆ ಹತ್ತಿ, “ಸರ್, ಹಾಗಾದ್ರೆ ಈ ಪೆಟ್ಟಿಗೆಗಳು?” ಅಂದೆ. ಊರಿಗೆ ಊರೇ ನೋಡುತ್ತಿತ್ತು. “ಆಯ್ತು ಮಾರಾಯ್ರೇ, ವಾಪಸ್ ತಗೋತೀವಿ,” ಅಂತ ಮೈಕಿನಲ್ಲೇ ಒಪ್ಪಿಕೊಂಡರು.

ಮುಂದಿನ ಸಾಲಿನಿಂದ ಪಂಚಾಯ್ತಿಯ ಹಳೇ ಮೆಂಬರೊಬ್ಬರು ಎದ್ದು, ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಕೈಮುಗಿದರು.

“ಸ್ವಾಮಿ, ರಾಜಕೀಯದಲ್ಲೇ ತಲೆ ಬೆಳ್ಳಗೆ ಮಾಡ್ಕಂಡೋನು ನಾನು. ಓಟು ಎಣ್ಸಿದ್ ಮ್ಯಾಲೆ ಪಾರ್ಟಿ ಬುಟ್ಟೋರ್ನ ಕಂಡಿವ್ನಿ, ಟಿಕೀಟ್ ಸಿಗ್ದೆ ಬುಟ್ಟೋರ್ನೂ ಕಂಡಿವ್ನಿ. ಭಾಷಣ ಮುಗ್ಸೋಕೆ ಮುಂಚೇನೇ ಬುಟ್ಟೋರ್ನ ಮಾತ್ರ ಇವತ್ತೇ ಕಣ್ಣಾರೆ ಕಂಡೆ!”