ಎರಡನೇ ಭಾಗದ ಅಳಿಯ

ಯಾವ ವಿಡಿಯೊ ಗೇಮಿನ ಎರಡನೇ ಭಾಗವೂ ಮೊದಲನೆಯದರ ಕಾಲಿನ ಧೂಳಿಗೂ ಸಮವಲ್ಲ ಎಂಬುದು ಲಿಫ್ಟ್ ಮೆಕ್ಯಾನಿಕನ ಅಚಲ ಸಿದ್ಧಾಂತ. ಕೆಟ್ಟು ನಿಂತ ಲಿಫ್ಟಿನೊಳಗೆ ಸಿಕ್ಕಿಬಿದ್ದವರಿಗೆ ಧೈರ್ಯ ಹೇಳುವ ನೆಪದಲ್ಲೂ ಅವನು ಈ ವಿಷಯದ ಮೇಲೆ ಉಪನ್ಯಾಸ ಕೊಟ್ಟಿದ್ದುಂಟು. (ಪಾಪ, ಅವರಿಗೆ ಎದ್ದು ಹೋಗಲು ದಾರಿಯಿರಲಿಲ್ಲ.)

ಅದರಲ್ಲೂ ‘ನರಿ ಜೋಡಿ’ಯ ಎರಡನೇ ಭಾಗವೆಂದರೆ ಮೈಯೆಲ್ಲ ಉರಿ. ಮೊದಲನೆಯದರಲ್ಲಿ ಎರಡೇ ನರಿಗಳು, ಒಂದೇ ಕೋಟೆ, ತಪ್ಪಿಸಿಕೊಳ್ಳಬೇಕು, ಅಷ್ಟೆ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ನೆಲದ ಮೇಲೆ ಅಂಟಿಕೊಂಡು ಕೂತು ಆಡುತ್ತಿದ್ದ ಆಟ ಅದು. ಎರಡನೇ ಭಾಗದಲ್ಲಿ ನರಿಗಳಿಗೆ ಟೋಪಿ ಬಂತು, ಹಿಂಡು ಬಂತು, ಕಂಡಕಂಡವರೆಲ್ಲ ಇಂಟರ್‌ನೆಟ್ಟಿನಲ್ಲಿ ಬಂದು ಸೇರುವಂತಾಯಿತು. ‘ಟೋಪಿ ಹಾಕಿದ್ದು ನರಿಗಲ್ಲ, ನಮಗೆ’ ಎಂದು ಅವನು ಅದನ್ನು ಹೊಸ್ತಿಲು ದಾಟಿಸಲಿಲ್ಲ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವಳು ಒಳಗೆ ಬರುವ ಹೊತ್ತಿಗೆ ಇವನು ಹೊರಗೆ ಹೊರಟಿರುತ್ತಿದ್ದ. ಸಂಸಾರವೆಲ್ಲ ಬಾಗಿಲಲ್ಲೇ ನಡೆಯುತ್ತಿತ್ತು. ‘ಊಟ ಫ್ರಿಜ್ಜಲ್ಲಿದೆ’, ‘ನಲ್ಲಿ ಸೋರ್ತಿದೆ’, ಇಷ್ಟೇ ಸರಸ ಸಲ್ಲಾಪ. ರಜೆಯ ದಿನ ಅವಳು ಕೋಣೆಯ ಬಾಗಿಲು ಹಾಕಿಕೊಂಡರೆ, ದಣಿದಿದ್ದಾಳೆಂದು ಇವನು ಕೆಮ್ಮನ್ನೂ ನುಂಗಿಕೊಂಡು ಹಾಲಿನಲ್ಲಿ ಒಬ್ಬನೇ ಕೂತು ಫ್ರಿಜ್ಜಿನ ಗುಂಯ್‌ಗುಡುವಿಕೆ ಕೇಳುತ್ತಿದ್ದ.

ಹೀಗಿರುವಾಗ ಆ ಮೊದಲ ‘ನರಿ ಜೋಡಿ’ಯನ್ನೇ ಹೊಸದಾಗಿ ಬಣ್ಣ ಬಳಿದು ಮತ್ತೆ ಬಿಟ್ಟರು. ಮೆಕ್ಯಾನಿಕನಿಗೆ ಜ್ಞಾನೋದಯವಾಯಿತು: ಆಟವೇ ಮರಳಿ ಬಂದ ಮೇಲೆ ಆ ಸಂಜೆಗಳು ಬಾರದೆ ಎಲ್ಲಿಗೆ ಹೋದಾವು? ಭಾನುವಾರ ಮಧ್ಯಾಹ್ನ ಆಟ ತಂದು, ಟಿವಿ ಒರೆಸಿ, ನೆಲದ ಮೇಲೆ ಎರಡು ದಿಂಬು ಹಾಕಿ, ಕೋಣೆಯ ಬಾಗಿಲು ತಟ್ಟಿದ. ಉತ್ತರವಿಲ್ಲ. ಮೆಲ್ಲಗೆ ತಳ್ಳಿದ.

ಅವಳು ಮಲಗಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಫೋನಿನಲ್ಲಿ ಮುಳುಗಿದ್ದಳು. ಪರದೆಯ ಮೇಲೆ ಟೋಪಿ ಹಾಕಿದ ನರಿ.

‘ಇದು ಎರಡನೇ ಭಾಗ ಅಲ್ವಾ?’

‘ಹೂಂ.’

‘ಯಾವಾಗಿಂದ?’

‘ತುಂಬ ದಿನ ಆಯ್ತು. ಹೇಳಿದ್ರೆ ನೀವು ಭಾಷಣ ಶುರು ಮಾಡ್ತೀರಲ್ಲ.’

ಅವನು ದಿಂಬುಗಳ ಕಡೆ ಕೈ ತೋರಿಸಿದ. ‘ನಮ್ಮ ಹಳೇ ಆಟ ಮತ್ತೆ ಬಂದಿದೆ ಕಣೇ. ಬಾ, ಆಡೋಣ.’

ಅವಳು ಹೆಡ್‌ಫೋನ್ ಕೆಳಗಿಳಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ‘ರೀ, ಸ್ವಲ್ಪ ಕಷ್ಟದ ಜಾಗ ಬಂದ್ರೆ ಸಾಕು, “ಕೊಡು ಇಲ್ಲಿ” ಅಂತ ಕಸ್ಕೊಂಡು ಎರಡು ನರೀನೂ ನೀವೇ ಆಡಿಸ್ತಿದ್ರಿ. ನಾನು ಪಕ್ಕದಲ್ಲಿ ಕೂತು ನೋಡ್ತಿದ್ದೆ. ಅದು ನಿಮ್ಮ ಆಟ. ನಮ್ಮದಲ್ಲ.’

ಆ ಸಂಜೆಗಳಲ್ಲಿ ತನ್ನ ಭುಜಕ್ಕೆ ತಾಗಿದ್ದ ಅವಳ ಭುಜ ಅವನಿಗೆ ಚೆನ್ನಾಗಿ ನೆನಪಿತ್ತು. ಅವಳ ಕೈ ಖಾಲಿಯಿತ್ತೆಂಬುದು ನೆನಪಿರಲಿಲ್ಲ.

ಹಾಲಿಗೆ ಹೋಗಿ ಒಬ್ಬನೇ ಆಡಿದ. ಎರಡನೇ ನರಿಯನ್ನು ಈಗ ಯಂತ್ರವೇ ಓಡಿಸುತ್ತಿತ್ತು. ಎಲ್ಲೂ ತಪ್ಪಲಿಲ್ಲ, ಎಲ್ಲೂ ನಗಲಿಲ್ಲ. ಅವನು ಟಿವಿ ಆರಿಸಿ ಮತ್ತೆ ಬಾಗಿಲಲ್ಲಿ ಬಂದು ನಿಂತ.

‘ನಿಮ್ಮ ಹಿಂಡಿಗೆ ನನ್ನೂ ಸೇರಿಸ್ಕೊಳ್ತೀಯಾ?’

‘ಅದಕ್ಕೆ ನಾಯಕಿ ಒಪ್ಪಬೇಕು.’

‘ಯಾರದು ನಾಯಕಿ?’

‘ಅಮ್ಮ.’

ಅತ್ತೆಯವರ ನರಿಯ ತಲೆಯ ಮೇಲೆ ಟೋಪಿಯಲ್ಲ, ಕಿರೀಟವೇ ಇತ್ತು. ‘ಬನ್ನಿ ಅಳಿಯಂದ್ರೇ,’ ಎಂದು ಹೆಡ್‌ಫೋನ್ ಕಿತ್ತ ಫೋನಿನಿಂದ ಅವರ ದನಿ ಬಂತು. ‘ಆದ್ರೆ ಹೇಳಿದ ಮಾತು ಕೇಳ್ಬೇಕು.’

ಹೆಂಡತಿ ಅವನ ಫೋನಿಗೂ ಎರಡನೇ ಭಾಗ ಹಾಕಿಕೊಟ್ಟು, ಒಂದೇ ಕೋಣೆಯಲ್ಲಿ ಎರಡು ಫೋನಿದ್ದರೆ ಕೀರಲು ಸದ್ದು ಬರುತ್ತದೆಂದು ಅವನನ್ನು ಹಾಲಿಗೆ ಕಳಿಸಿದಳು. ಆಟ ಶುರುವಾಯಿತು. ಮೆಕ್ಯಾನಿಕ್ ಹಾರಿದ, ನದಿಗೆ ಬಿದ್ದ. ಎದ್ದ, ಹಾರಿದ, ಬಿದ್ದ. ಹಿಂಡು ಕಾಯುತ್ತ ನಿಂತಿತು.

‘ಅಳಿಯಂದ್ರೇ,’ ಅತ್ತೆಯವರು ಬಹಳ ಮರ್ಯಾದೆಯಿಂದ ಹೇಳಿದರು, ‘ನೀವು ಈ ದಡದಲ್ಲೇ ಕೂತಿರಿ. ನಾವು ಮುಂದಿನ ಕೋಟೆ ಮುಗಿಸ್ಕೊಂಡು ಬರ್ತೀವಿ.’

ನರಿಗಳು ಹಾರಿ ಕಣ್ಮರೆಯಾದವು. ಸ್ವಲ್ಪ ಹೊತ್ತಿಗೆ ಹೆಂಡತಿ ಯಾವುದಕ್ಕೋ ಜೋರಾಗಿ ನಕ್ಕಳು. ಆ ನಗು ಮೊದಲು ಮುಚ್ಚಿದ ಬಾಗಿಲಿನಿಂದ ಕೇಳಿತು, ಮರುಕ್ಷಣ ಫೋನಿನಿಂದ. ಅವನು ಎರಡನ್ನೂ ಕೇಳಿಸಿಕೊಂಡ.

‘ರೀ, ಇದ್ದೀರಾ?’

‘ಇದ್ದೀನಿ.’

‘ಏನೂ ಒತ್ತಬೇಡಿ ಮತ್ತೆ.’

‘ಇಲ್ಲ,’ ಎಂದು ಮೆಕ್ಯಾನಿಕ್ ಬೆರಳುಗಳನ್ನು ಪರದೆಯಿಂದ ದೂರ ಹಿಡಿದುಕೊಂಡ.