ಅಯ್ಯೂಬ್ ನಬಿಯವರ ಅಜ್ಜ ಯಾರು?

ಮಾಜಿದಾ: ಒಬ್ಬ ಅಜ್ಜನನ್ನು ಹುಡುಕಿ ಅಂದರೆ ಇಬ್ಬರನ್ನು ತಂದು ಕೂರಿಸಿದ್ದೀರಲ್ಲ. ಇದು ಸೋತ ಹಾಗೆಯೇ.

ಮೂಸಾ: ಸೋತದ್ದು ಹೇಗೆ? ಸಿಕ್ಕದಿದ್ದರೆ ಸೋತದ್ದು. ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿದೆ.

ಮಡಂತ್ಯಾರಿನ ಆ ಮನೆಯ ಚಾವಡಿಯಲ್ಲಿ ಬೆಳಗ್ಗಿನಿಂದ ಇದೇ ಜಗಳ. ಮೂಸಾ ಬ್ಯಾರಿ ಮೂವತ್ತು ವರ್ಷ ಗ್ರಾಮ ಕರಣಿಕರಾಗಿದ್ದವರು. ಯಾರು ಯಾರ ಮಗ, ಯಾರ ಮೊಮ್ಮಗ ಎಂದು ತೋರಿಸುವ ಸಂತತಿ ನಕ್ಷೆಯನ್ನು ಊರವರಿಗೆಲ್ಲ ಬರೆದುಕೊಟ್ಟು ನಿವೃತ್ತರಾದವರು. ಈಗ ಮಗಳು ಜುವೈರಿಯಾಳಿಗೆ ಮುಂಡಾಜೆಯ ಫಾಝಿಲ್‌ನ ಸಂಬಂಧ ಬಂದಿದೆ. ಹುಡುಗಿಗೆ ಒಪ್ಪಿಗೆ, ತಾಯಿಗೆ ಒಪ್ಪಿಗೆ. ಆದರೆ ಹುಡುಗನ ಮುತ್ತಜ್ಜನ ಹೆಸರು ಒಂದು ಕಾಗದದಲ್ಲಿ ಪುತ್ತುಮೋನು, ಇನ್ನೊಂದರಲ್ಲಿ ಇಸುಬು. ವಂಶ ಸರಿ ಇಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದರು ಮೂಸಾ. ಹಾಗಾದರೆ ಅಯ್ಯೂಬ್ ನಬಿಯವರ ಅಜ್ಜನ ಹೆಸರು ಹೇಳಿ ನೋಡುವ ಎಂದಳು ಹೆಂಡತಿ ಮಾಜಿದಾ. ಪಂಥ ಬಿತ್ತು. ಸಂಜೆಯ ಅಸರ್ ನಮಾಜಿಗೆ ಕರೆಯುವ ಬಾಂಕ್ ಕೇಳುವ ಮೊದಲು ಅಜ್ಜ ಸಿಕ್ಕಿದರೆ ಸಂಬಂಧ ಬೇಡ. ಸಿಕ್ಕದಿದ್ದರೆ ಮುಂಡಾಜೆಗೆ ಹೂಂ ಎಂದು ಫೋನ್.

ಮಾಜಿದಾ: ಓದಿ, ಯಾರೆಲ್ಲ ಬಂದಿದ್ದಾರೆ?

ಮೂಸಾ: ತಂದೆ ಮೌಸ್. ಅದರಲ್ಲಿ ತಕರಾರಿಲ್ಲ. ಮೌಸ್‌ನ ತಂದೆ ರಾಝಿಹ್ ಅಂತ ಒಂದು ಕಿತಾಬು. ರಊಯೀಲ್ ಅಂತ ಇನ್ನೊಂದು. ಅವರ ಮೇಲೆ ಇಸ್ಹಾಕ್ ನಬಿಯವರ ಮಗ ಈಸ್.

ಮಾಜಿದಾ: ಫಾಝಿಲ್‌ಗೂ ಮುತ್ತಜ್ಜಂದಿರು ಇಬ್ಬರೇ.

ಮೂಸಾ: ನಬಿಯವರಿಗೂ ಆ ಮುಂಡಾಜೆಯವನಿಗೂ ಹೋಲಿಕೆಯಾ?

ಮಾಜಿದಾ: ಹೋಲಿಕೆ ನಾನು ಮಾಡಲಿಲ್ಲ. ನಬಿಯವರ ಸಬರನ್ನು, ಆ ತಾಳ್ಮೆಯನ್ನು ಇಡೀ ದುನಿಯಾ ಹೊಗಳ್ತದೆ. ಅವರ ಅಜ್ಜನ ದಾಖಲೆ ಕೇಳಿದ್ದು ನೀವೊಬ್ಬರೇ.

ಮೂಸಾ: ತಾಯಿ ಲೂತ್ ನಬಿಯವರ ಮಗಳು ಅಂತಲೂ ಉಂಟು, ಗೊತ್ತುಂಟಾ?

ಮಾಜಿದಾ: ಒಳ್ಳೆಯದಾಯಿತು. ಫಾಝಿಲ್‌ನ ತಾಯಿ ನಿಮ್ಮ ತಂಗಿ ಸಮೀನಾಳ ನಾದಿನಿ. ಆ ಕಡೆಯೂ ಗೊತ್ತುಂಟು.

ಮೂಸಾ: ನಕ್ಷೆಯ ಕಾಲಂನಲ್ಲಿ ಕೇಳುವುದು ತಂದೆಯ ಕಡೆ.

ಮಾಜಿದಾ ಪತ್ರೊಡೆ ಹಾಕಿ ಕೊಟ್ಟಿದ್ದ ಪಾತ್ರೆಯನ್ನು ಹಿಂದೆ ಕೊಡಲು ನೆರೆಮನೆಯ ಲೀನಾ ಬಾಯಿ ಅಷ್ಟರಲ್ಲಿ ಒಳಗೆ ಬಂದರು. ಚರ್ಚಿನ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವವರು. ಮೂಸಾರ ಮುಖ ಅರಳಿತು.

ಮೂಸಾ: ಕೂತುಕೊಳ್ಳಿ ಬಾಯಿ. ಅಯ್ಯೂಬ್ ನಬಿಯವರು ನಿಮ್ಮ ಗ್ರಂಥದಲ್ಲಿಯೂ ಇದ್ದಾರಲ್ಲ, ಅವರ ಅಜ್ಜ ಯಾರು?

ಲೀನಾ: ನಮ್ಮ ಯೋಬನಾ? ಅವನ ಅಪ್ಪನ ಹೆಸರೇ ಬರೆಯಲಿಲ್ಲ ಮಾರಾಯ್ರೇ, ಅಜ್ಜ ಎಲ್ಲಿಂದ? ಊಸ್ ಅಂತ ಊರು, ಒಳ್ಳೆಯ ಮನುಷ್ಯ. ಮತ್ತೆ ಕುರಿ ಎಷ್ಟು, ಒಂಟೆ ಎಷ್ಟು.

ಮೂಸಾ: ಒಂಟೆಯ ಲೆಕ್ಕ ಉಂಟು, ಅಪ್ಪ ಇಲ್ಲ? ಅದೆಂಥ ಬರೆಯುವ ಕ್ರಮ?

ಲೀನಾ: ಒಂಟೆಗಳು ಮುಂದೆ ಕಳೆದುಹೋಗ್ತವೆ, ಅದಕ್ಕೆ ಲೆಕ್ಕ ಬೇಕು. ಅಪ್ಪನನ್ನು ಏನು ಮಾಡ್ಲಿಕ್ಕೆ?

ಮಾಜಿದಾ: ಕೇಳಿದಿರಾ?

ಲೀನಾ: ಆದರೆ ನಮ್ಮ ಗ್ರಂಥದ ಹಳೆಯ ಗ್ರೀಕ್ ಪ್ರತಿಯಲ್ಲಿ ಯೋಬನ ಕಥೆಯ ಕೊನೆಗೆ ಒಂದು ಮಾತುಂಟಂತೆ, ಫಾದರ್ ಹೇಳಿದ್ದು. ಮೊದಲಿನ ಹೆಸರು ಯೋಬಾಬ. ತಂದೆ ಜೆರಹ, ಏಸಾವನ ಸಂತತಿ. ತಾಯಿ ಬೊಸೊರಾ.

ಮೂಸಾ ಪೆನ್ನು ಹಿಡಿದ ಕೈಯನ್ನು ಮೆಲ್ಲ ಕೆಳಗಿಟ್ಟರು.

ಮಾಜಿದಾ: ಅಜ್ಜನನ್ನು ಹುಡುಕಲಿಕ್ಕೆ ಹೊರಟು ಇದ್ದ ಅಪ್ಪನನ್ನೂ ಕಳೆದುಕೊಂಡಿರಿ. ಈಗ ತಾಯಿಯೂ ಬೇರೆ. ಇನ್ನೂ ಯಾರನ್ನಾದರೂ ಕೇಳುವುದುಂಟಾ?

ಮೂಸಾ: ಬಾಂಕಿಗೆ ಇನ್ನೂ ಹತ್ತು ನಿಮಿಷ ಉಂಟು. ನಾನು ರಾಝಿಹ್ ಅಂತ ಬರೆದೆ. ಮುಗಿಯಿತು.

ಮಾಜಿದಾ: ಯಾವ ಆಧಾರದಲ್ಲಿ?

ಮೂಸಾ: ನಿನಗೆ ಕಚೇರಿಯ ಕ್ರಮ ಗೊತ್ತಿಲ್ಲ. ಊರಿನ ಹಿರಿಯರನ್ನು ಕೇಳುವುದು. ಒಬ್ಬ ಒಂದು ಹೇಳ್ತಾನೆ, ಇನ್ನೊಬ್ಬ ಇನ್ನೊಂದು. ಹಾಗಂತ ಖಾಲಿ ಬಿಟ್ಟರೆ ಮೇಲಿನವರು ಫೈಲು ವಾಪಸು ಕಳಿಸ್ತಾರೆ. ಎರಡರಲ್ಲಿ ಒಂದನ್ನು ಬರೆದು ದಸ್ಕತ್ತು ಹಾಕುವುದು. ಆಮೇಲೆ ಅದೇ ಸತ್ಯ.

ಲೀನಾ: ಅಷ್ಟು ಸುಲಭವಾ? ನಮ್ಮ ಫಾದರ್ ಸುಮ್ಮನೆ ಆರು ವರ್ಷ ಓದಿದರು.

ಮಾಜಿದಾ ಒಳಗೆ ಹೋಗಿ, ಹುಡುಗನ ಕಡೆಯವರು ಕೊಟ್ಟುಹೋಗಿದ್ದ ಎರಡು ಕಾಗದ ತಂದು ಗಂಡನ ಮುಂದೆ ಬಿಡಿಸಿಟ್ಟಳು.

ಮಾಜಿದಾ: ಪುತ್ತುಮೋನು ಅಂತ ಇರುವುದು ಹಳೆಯ ಜಾಗದ ಪತ್ರ. ಇಸುಬು ಅಂತ ಇರುವುದು ಸಂತತಿ ನಕ್ಷೆ. ನೀವು ಹೆಸರು ಓದಿದ ಕೂಡಲೇ ಮಡಚಿಟ್ಟಿರಿ. ಕೆಳಗೆ ಯಾರ ದಸ್ಕತ್ತು ಉಂಟು, ಅದನ್ನೂ ಓದಿ.

ಮೂಸಾ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ನೋಡಿದರು. ಮತ್ತೆ ತೆಗೆದು ಒರೆಸಿದರು.

ಲೀನಾ: ಯಾರದ್ದು?

ಮಾಜಿದಾ: ಇವರದ್ದೇ.

ಮೂಸಾ: ಆ ವರ್ಷ ನನ್ನನ್ನು ಮುಂಡಾಜೆಯ ಕಡೆ ಹಾಕಿದ್ದರು. ನೆನಪುಂಟು. ಮನೆಯ ಮುದುಕಿ ಪುತ್ತುಮೋನು ಅಂದಳು. ಬೇಲಿಯಾಚೆಯವ ಇಸುಬು ಅಂದ.

ಮಾಜಿದಾ: ಮನೆಯ ಮುದುಕಿಯ ಮಾತು ಬಿಟ್ಟು ಬೇಲಿಯಾಚೆಯವನದ್ದು ಬರೆದಿರಾ?

ಮೂಸಾ: ಕಾಲಂ ಸಣ್ಣದಿತ್ತು ಮಾರಾಯ್ತಿ. ಇಸುಬು ಅದರಲ್ಲಿ ಹಿಡಿಯಿತು.

ಲೀನಾ ಬಾಯಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಹಿಡಿದರು.

ಲೀನಾ: ಅಲ್ಲ ಮೂಸಾಕ, ಹುಡುಗನ ಮುತ್ತಜ್ಜನನ್ನು ಹುಟ್ಟಿಸಿದ್ದು ನೀವೇ ಅಂತಾಯಿತು. ಇಷ್ಟು ಹತ್ತಿರದ ಸಂಬಂಧದಲ್ಲಿ ಹೆಣ್ಣು ಕೊಡಬಹುದಾ ಅಂತ ಮಸೀದಿಯ ಮುಸ್ಲಿಯಾರರ ಹತ್ತಿರ ಒಂದು ಮಾತು ಕೇಳಿ.

ಮಸೀದಿಯಿಂದ ಬಾಂಕ್ ಕೇಳಿಸಿತು. ಮಾಜಿದಾ ತಲೆಯ ಮೇಲೆ ಸೆರಗು ಎಳೆದುಕೊಂಡು, ಮುಗಿಯುವವರೆಗೂ ಸುಮ್ಮನಿದ್ದಳು. ಆಮೇಲೆ ಫೋನು ಎತ್ತಿಕೊಂಡಳು.

ಮೂಸಾ: ನಿಲ್ಲು. ಅವರ ಹತ್ತಿರ ಹೀಗೆ ಹೇಳು. ವಂಶವನ್ನು ನಾನೇ ಕೂತು ಪರಿಶೀಲಿಸಿದ್ದೇನೆ, ಏನೂ ತೊಂದರೆ ಇಲ್ಲ ಅಂತ.

ಮಾಜಿದಾ: ನಾವು ಒಪ್ಪಿದ್ದೇವೆ ಅಂತ ಮಾತ್ರ ಹೇಳ್ತೇನೆ. ನೀವು ಪರಿಶೀಲಿಸಿದ್ದು ಗೊತ್ತಾದರೆ, ಇನ್ನೆಷ್ಟು ಮಂದಿ ಅಜ್ಜಂದಿರು ಹುಟ್ಟಿದ್ದಾರೋ ಅಂತ ಅವರು ಹೆದರಿಯಾರು.